ಬ್ರೇಕಿಗೊಂದು ಉಕ್ಕಿನ ಹೆಣಿಗೆ

ಕಮತಗಿ ನೇಕಾರರ ಊರು. ಎಳೆಗೆ ಎಳೆ ಸೇರಿದರೆ ಬಲ ಎಂಬುದನ್ನು ಅಲ್ಲಿನ ಮಕ್ಕಳಿಗೆ ಪಾಠ ಮಾಡಬೇಕಾಗಿಲ್ಲ. ಮೋಟರ್ ಸೈಕಲ್ಲಿನ ಬ್ರೇಕಿನಲ್ಲೂ ಇದೇ ತತ್ವ ಅಡಗಿದೆ. ಬೆಳ್ಳಿಯಂತೆ ಹೊಳೆಯುವ ಉಕ್ಕಿನ ಹೆಣಿಗೆಯ ಬ್ರೇಕ್ ಹೋಸ್ ಬೇಕೆಂದು ಹಟ ಹಿಡಿಯುವ ಕಾಲೇಜು ಹುಡುಗರುಂಟು. ಇದು ಶೋಕಿಯೋ, ಸುರಕ್ಷತೆಯೋ ಎಂಬುದು ಹೆತ್ತವರ ಪ್ರಶ್ನೆ.

ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂದು 17ನೇ ಶತಮಾನದ ಫ್ರಾನ್ಸಿನ ವಿಜ್ಞಾನಿ ಬ್ಲೇಸ್ ಪ್ಯಾಸ್ಕಲ್ ತೋರಿಸಿದ. ಡಿಸ್ಕ್ ಬ್ರೇಕ್ ನಿಂತಿರುವುದೇ ಈ ನಿಯಮದ ಮೇಲೆ. ಹಿಡಿಕೆ ಒತ್ತಿದಾಗ ಸಣ್ಣ ಪಿಸ್ಟನ್ ಬ್ರೇಕ್ ಆಯಿಲನ್ನು ತಳ್ಳುತ್ತದೆ. ಆ ಒತ್ತಡ ಹೋಸಿನ ಮೂಲಕ ಚಕ್ರದ ಬಳಿಯ ದೊಡ್ಡ ಪಿಸ್ಟನ್ನಿಗೆ ಮುಟ್ಟಿ, ಪ್ಯಾಡುಗಳು ಡಿಸ್ಕನ್ನು ಬಿಗಿಯಾಗಿ ಹಿಡಿಯುತ್ತವೆ. ದೊಡ್ಡ ಪಿಸ್ಟನ್ನಿನ ವಿಸ್ತೀರ್ಣ ಐದು ಪಟ್ಟಿದ್ದರೆ ಬಲವೂ ಐದು ಪಟ್ಟು!

ಸಾಮಾನ್ಯ ಹೋಸ್ ರಬ್ಬರಿನದು. ಅದರೊಳಗೂ ನೂಲಿನ ಹೆಣಿಗೆ ಇರುತ್ತದೆ. ಆದರೂ ಒತ್ತಡ ಏರಿದಾಗ ಅದು ತುಸು ಉಬ್ಬುತ್ತದೆ. ಆ ಉಬ್ಬನ್ನು ತುಂಬಲು ಹಿಡಿಕೆ ಹೆಚ್ಚು ದೂರ ಚಲಿಸಬೇಕು. ಹಳೆಯದಾದಷ್ಟೂ ರಬ್ಬರ್ ಸೊರಗಿ ಬಿರುಕು ಬಿಡುತ್ತದೆ. ಉಕ್ಕಿನ ಹೋಸಿನಲ್ಲಿ ಒಳಗೆ ಟೆಫ್ಲಾನ್ ಕೊಳವೆ, ಮೇಲೆ ತುಕ್ಕು ಹಿಡಿಯದ ಉಕ್ಕಿನ ಸಣ್ಣ ತಂತಿಗಳ ಹೆಣಿಗೆ. ಮಗ್ಗದ ಹಾಸು ಹೊಕ್ಕಿನಂತೆ ಇವು ನೇರ ಅಡ್ಡ ಹಾಯುವುದಿಲ್ಲ. ಜಡೆಯಂತೆ ಓರೆಯಾಗಿ ಒಂದರ ಮೇಲೊಂದು ಸುತ್ತುತ್ತವೆ. ಕೊಳವೆ ಉಬ್ಬಲು ಹೊರಟರೆ ತಂತಿಗಳು ತಡೆಯುತ್ತವೆ. ಆದ್ದರಿಂದ ಹಿಡಿಕೆ ಗಟ್ಟಿಯಾಗಿ, ಬ್ರೇಕ್ ಎಷ್ಟು ಹಿಡಿದಿದೆ ಎಂಬುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ.

ಹಾಗೆಂದು ಬೈಕು ಥಟ್ಟನೆ ನಿಲ್ಲುವುದೆಂಬ ಭ್ರಮೆ ಬೇಡ. ಬೈಕನ್ನು ಕೊನೆಗೆ ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಪಾಯ ಕಂಡು ಬೆರಳು ಹಿಡಿಕೆ ಒತ್ತುವಷ್ಟರಲ್ಲೇ ಅಷ್ಟು ದೂರ ಸರಿದುಹೋಗಿರಬಹುದು. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಕಮತಗಿಯಿಂದ ಬಾಗಲಕೋಟೆಯ ಕಾಲೇಜಿಗೆ ಹೊರಟ ಹುಡುಗನನ್ನು ಈ ಲೆಕ್ಕದಿಂದ ಯಾವ ಹೋಸೂ ಪಾರುಮಾಡದು.

ಹೋಸ್ ಬದಲಿಸುವುದೇ ಆದರೆ ಬಲ್ಲ ಮೆಕ್ಯಾನಿಕ್ಕನ ಕೈಯಲ್ಲೇ ಆಗಬೇಕು. ಬೈಕಿಗೆ ಸರಿಹೊಂದುವ ಉದ್ದದ ಹೋಸನ್ನೇ ಆರಿಸಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಬೇಕು. ಅದು ಎಲ್ಲಿಯೂ ಜಗ್ಗಬಾರದು, ಟೈರಿಗೆ ತಾಗಬಾರದು. ಜೋಡಣೆಯ ತಾಮ್ರದ ವಾಷರುಗಳು ಹೊಸವೇ ಆಗಿರಬೇಕು. ಒಳಗಿನ ಗಾಳಿಯನ್ನು ಪೂರ್ತಿ ತೆಗೆಯಬೇಕು. ಆಯಿಲಿನಂತಲ್ಲದೆ ಗಾಳಿ ಒತ್ತಿದರೆ ಕುಗ್ಗುತ್ತದೆ, ಹಿಡಿಕೆ ಮೆತ್ತಗಾಗುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯ. ಅಂಥ ಬೈಕಿನಲ್ಲಿ ಎಬಿಎಸ್ ತಪ್ಪಿಸಿ ಹೋಸ್ ಎಳೆಯುವುದು ಅಪಾಯಕ್ಕೆ ಆಹ್ವಾನ. ತಂತಿ ಎಳೆದು ಹಿಡಿಯುವ ಡ್ರಮ್ ಬ್ರೇಕಿಗಂತೂ ಈ ಹೋಸಿನ ಸಂಬಂಧವೇ ಇಲ್ಲ.

ಖರ್ಚಿಗೂ ಒಂದು ಕ್ರಮವಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಬಿಸಿಯಾದಾಗ ಬೇಗ ಕುದಿಯುತ್ತದೆ. ಅದನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಆಮೇಲೆ ಸವೆದ ಪ್ಯಾಡು, ನುಣುಪಾದ ಟೈರು. ಇವೆಲ್ಲ ಸರಿಯಿದ್ದು ಹಳೆಯ ಹೋಸ್ ಬಿರುಕು ಬಿಟ್ಟಿದ್ದರೆ ಉಕ್ಕಿನ ಹೆಣಿಗೆಗೆ ಹಣ ಕೊಡಲು ಅಡ್ಡಿಯಿಲ್ಲ. ಹೆಲ್ಮೆಟ್ ಕೊಳ್ಳದೆ ಹೋಸ್ ಕೇಳುವ ಮಗನಿಗೆ ಮಾತ್ರ ಅಪ್ಪ ‘ಮೊದಲು ಹೆಲ್ಮೆಟ್’ ಎನ್ನಲೇಬೇಕು.