ಇಂಪ್ಯಾಕ್ಟ್ ರೆಂಚ್ ಕೊಳ್ಳುವ ಮುನ್ನ

ಹೋದ ತಿಂಗಳು ಇದೇ ಅಂಕಣದಲ್ಲಿ ಜಾಕ್ ಬಗ್ಗೆ ಬರೆದ ಮೇಲೆ ಬಂದ ಮೇಲ್‌ಗಳಲ್ಲಿ ಬಹಳಷ್ಟು ಜನ ಒಂದೇ ಪ್ರಶ್ನೆ ಕೇಳಿದ್ದಾರೆ. ಕಾರಿನ ಸಣ್ಣಪುಟ್ಟ ರಿಪೇರಿಯನ್ನು ಮನೆಯಲ್ಲೇ ಮಾಡಿಕೊಳ್ಳುವವರು ಯಾವ ಇಂಪ್ಯಾಕ್ಟ್ ರೆಂಚ್ ಕೊಳ್ಳಬೇಕು? ಠಾಣೆಯ ಓದುಗರೊಬ್ಬರು 1,000 ನ್ಯೂಟನ್ ಮೀಟರಿನದೊಂದನ್ನು ಆನ್‌ಲೈನ್ ಕಾರ್ಟಿಗೆ ಹಾಕಿಟ್ಟು, "ಒತ್ತಿಬಿಡಲೇ ಸರ್?" ಎಂದು ಕೇಳಿದ್ದಾರೆ. ಒತ್ತಬೇಡಿ, ಸ್ವಲ್ಪ ತಡೆಯಿರಿ.

ಟೈರ್ ಅಂಗಡಿಯ ಹುಡುಗರು 'ಗನ್' ಎಂದು ಕರೆಯುವುದು ಇದನ್ನೇ. ಚಕ್ರದ ನಟ್ಟಿಗೆ ಇಟ್ಟು ಗುಂಡಿ ಒತ್ತಿದರೆ ಟರ್ರ್ ಎಂದು ಎರಡು ಸೆಕೆಂಡಿನಲ್ಲಿ ಬಿಚ್ಚುತ್ತದೆ. ಒಳಗೆ ಮೋಟಾರು ಒಂದು ಭಾರದ ಸುತ್ತಿಗೆಯನ್ನು ತಿರುಗಿಸುತ್ತಿರುತ್ತದೆ. ನಟ್ಟು ಅಲುಗದಿದ್ದಾಗ ಆ ಸುತ್ತಿಗೆ ಸ್ಪ್ರಿಂಗಿನ ವಿರುದ್ಧ ಹಿಂದೆ ಸರಿದು, ತಪ್ಪಿಸಿಕೊಂಡು, ಮತ್ತೆ ತಿರುಗಿ ಬಂದು ಬಡಿಯುತ್ತದೆ. ನಿಮಿಷಕ್ಕೆ ಎರಡು ಮೂರು ಸಾವಿರ ಸಲ. ಪ್ರತಿ ಹೊಡೆತವೂ ಕ್ಷಣಮಾತ್ರದ್ದಾದ್ದರಿಂದ ನಮ್ಮ ಮಣಿಕಟ್ಟು ತಿರುಚುವುದಿಲ್ಲ. ಗೋಡೆ ಕೊರೆಯಲು ಮನೆಯಲ್ಲಿರುವ ಹ್ಯಾಮರ್ ಡ್ರಿಲ್ ಕೂಡ ಬಡಿಯುತ್ತದೆ, ಆದರೆ ಅದು ಬಡಿಯುವುದು ಮುಂದಕ್ಕೆ. ಇದು ಬಡಿಯುವುದು ತಿರುಗುವ ದಿಕ್ಕಿಗೆ. ಒಂದರ ಕೆಲಸ ಇನ್ನೊಂದರಿಂದ ಆಗದು.

ಈಗ ಆ 1,000 ಎಂಬ ಅಂಕಿಗೆ ಬರೋಣ. ಒಂದು ಮೀಟರ್ ಉದ್ದದ ಸಲಾಕೆಯ ತುದಿಗೆ ಹತ್ತು ಕಿಲೋ ಅಕ್ಕಿಯ ಚೀಲ ತೂಗುಹಾಕಿದರೆ ಇನ್ನೊಂದು ತುದಿಯ ನಟ್ಟಿನ ಮೇಲೆ ಬೀಳುವ ತಿರುಚುಬಲ ಸುಮಾರು 100 ನ್ಯೂಟನ್ ಮೀಟರ್. ನಮ್ಮ ಕಾರುಗಳ ಚಕ್ರದ ನಟ್ಟಿಗೆ ಬೇಕಾದದ್ದು ಹೆಚ್ಚುಕಮ್ಮಿ ಅಷ್ಟೇ. ಮಾರುತಿಯ ಸಣ್ಣ ಕಾರುಗಳಿಗೆ 85ರಿಂದ 100, ಹ್ಯುಂಡೈ ಕಾರುಗಳಿಗೆ 107ರಿಂದ 127, ಫೋಕ್ಸ್‌ವ್ಯಾಗನ್ ಪೋಲೊಗೆ 120. ನಿಮ್ಮ ಕಾರಿನ ಅಂಕಿ ಗ್ಲವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರೂ ತೆಗೆಯದೆ ಬಿದ್ದಿರುವ ಓನರ್ಸ್ ಮ್ಯಾನ್ಯುಯಲ್‌ನಲ್ಲಿದೆ. ಮೊದಲು ಅದನ್ನು ಬರೆದಿಟ್ಟುಕೊಳ್ಳಿ.

ಹಾಗಾದರೆ ನಟ್ಟು ಅಷ್ಟು ಹಟ ಹಿಡಿಯುವುದೇಕೆ? ಅರ್ಧ ಕಾರಣ ತುಕ್ಕು. ಮುಂಬೈ, ಚೆನ್ನೈಗಳ ಉಪ್ಪುಗಾಳಿಯಲ್ಲಿ ಮೂರು ಮಳೆಗಾಲ ಕಳೆದ ಕಾರಿನ ನಟ್ಟು ಬಿಗಿದಾಗ ಇದ್ದದ್ದಕ್ಕಿಂತ ಹೆಚ್ಚು ಬಲ ಕೇಳುತ್ತದೆ. ಉಳಿದರ್ಧ ಕಾರಣ ಟೈರ್ ಅಂಗಡಿ. ಅಲ್ಲಿನ ಗಾಳಿಯ ಗನ್ ಪೂರ್ತಿ ಒತ್ತಡದಲ್ಲಿ 500 ನ್ಯೂಟನ್ ಮೀಟರ್ ಮೀರಬಲ್ಲದು. ಹಿಂದೆ ನಾಲ್ಕು ಕಾರು ಕಾಯುತ್ತಿರುವಾಗ ಹುಡುಗ ನಾಲ್ಕು ಸೆಕೆಂಡು ಹೆಚ್ಚೇ ಒತ್ತುತ್ತಾನೆ. "ಟೈಟ್ ಆಯ್ತಾ?" ಎಂದು ಕೇಳುವವರು ನಾವೇ, ಆದ್ದರಿಂದ ಅವನನ್ನು ಬೈದು ಉಪಯೋಗವಿಲ್ಲ.

ಇದರ ಬೆಲೆ ತೆರಬೇಕಾಗುವುದು ಹಬ್ಬಕ್ಕೆ ಊರಿಗೆ ಹೊರಟಾಗ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಪುಣೆ ದಾಟಿ ಖಂಬಾಟ್ಕಿ ಘಾಟಿನ ಹತ್ತಿರ ರಾತ್ರಿ ಹತ್ತಕ್ಕೆ ಪಂಕ್ಚರ್ ಆಯಿತೆನ್ನಿ. ಸ್ಟೆಪ್ನಿ ಇದೆ, ಜಾಕ್ ಇದೆ, ಕಾರಿನ ಜೊತೆ ಬಂದ ಎಲ್ ಆಕಾರದ ಪಾನಾ ಇದೆ. ಅದರ ಹಿಡಿ 25 ಸೆಂಟಿಮೀಟರ್ ಆಸುಪಾಸು. ನಟ್ಟು 100ರಲ್ಲಿ ಬಿಗಿದಿದ್ದರೆ ಹಿಡಿಯ ತುದಿಯಲ್ಲಿ 40 ಕಿಲೋ ಭಾರ ಹಾಕಿದರೆ ಸಾಕು, ಮೈಭಾರ ಬಿಟ್ಟರೆ ಬಿಚ್ಚುತ್ತದೆ. ಗನ್ನಿನಿಂದ 250ಕ್ಕೆ ಬಿಗಿದಿದ್ದರೆ 100 ಕಿಲೋ ಬೇಕು. 60 ಕಿಲೋ ತೂಕದವರು ಪಾನಾದ ಮೇಲೆ ಹತ್ತಿ ನಿಂತರೂ ಅದು ಜಗ್ಗುವುದಿಲ್ಲ. ಹತ್ತಿ ಕುಣಿದರೆ ಪಾನಾ ಜಾರಿ ನಟ್ಟಿನ ಮೂಲೆ ಸವೆಯುತ್ತದೆ, ಇಲ್ಲವೇ ಕಾಲು ಮುರಿಯುತ್ತದೆ. ಲಾರಿಗಳು ಪಕ್ಕದಲ್ಲೇ ಧಡಧಡ ಹೋಗುತ್ತಿರುವ ಜಾಗ, ಹಿಂದಿನ ಸೀಟಿನಲ್ಲಿ ಮಕ್ಕಳು ಮತ್ತು ಅಜ್ಜಿ.

ಈ ಸಂದರ್ಭಕ್ಕೆ ಮದ್ದು ಇಂಪ್ಯಾಕ್ಟ್ ರೆಂಚ್ ಎಂದುಕೊಂಡು ಹಲವರು ಅದನ್ನು ಹುಡುಕುತ್ತಾರೆ. ಅದಕ್ಕಿಂತ ಬಹಳ ಅಗ್ಗದ ಮದ್ದಿದೆ: 60 ಸೆಂಟಿಮೀಟರ್ ಉದ್ದದ ಬ್ರೇಕರ್ ಬಾರ್. ತುದಿಯಲ್ಲಿ ಅರ್ಧ ಇಂಚಿನ ಚೌಕವಿರುವ ಉಕ್ಕಿನ ಸಲಾಕೆ, ಅದಕ್ಕೊಂದು ಸರಿಯಾದ ಅಳತೆಯ ಸಾಕೆಟ್. ಅದೇ 250ರ ನಟ್ಟಿಗೆ ಈಗ 42 ಕಿಲೋ ಭಾರ ಸಾಕು. ಚಾರ್ಜು ಬೇಡ, ಕೆಡುವುದಿಲ್ಲ, ಸ್ಟೆಪ್ನಿಯ ಪಕ್ಕ ಹತ್ತು ವರ್ಷ ಬಿದ್ದಿರುತ್ತದೆ. ಇಂಪ್ಯಾಕ್ಟ್ ರೆಂಚ್ ಕೇಳಿದರೆ ಸಲಾಕೆ ಮಾರಲು ಬಂದಿರಾ ಎನ್ನಬೇಡಿ. ಹೆದ್ದಾರಿಯ ಭಯವೊಂದೇ ನಿಮ್ಮ ಕಾರಣವಾಗಿದ್ದರೆ ಇಲ್ಲಿಗೆ ನಿಲ್ಲಿಸಿ, ಉಳಿದ ಹಣಕ್ಕೆ ಒಳ್ಳೆಯ ಟಾರ್ಚ್ ಕೊಳ್ಳಿ.

ಗನ್ ನಿಜಕ್ಕೂ ಉಪಯೋಗಕ್ಕೆ ಬರುವುದು ಭಾನುವಾರ ಪಾರ್ಕಿಂಗಿನಲ್ಲಿ ಕೈಗೆ ಮಸಿ ಹಚ್ಚಿಕೊಳ್ಳುವವರಿಗೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ನಾಲ್ಕೂ ಚಕ್ರ ಅದಲುಬದಲು ಮಾಡುವವರು, ಬ್ರೇಕ್ ಪ್ಯಾಡ್ ತಾವೇ ಬದಲಿಸುವವರು, ಶಾಕ್ ಅಬ್ಸಾರ್ಬರಿಗೂ ಕೈ ಹಾಕುವವರು. ಕಾರಿನ ಕೆಳಗೆ ಮಲಗಿ ಬೋಲ್ಟ್ ಬಿಚ್ಚುವಾಗ ಉದ್ದ ಸಲಾಕೆ ತಿರುಗಿಸಲು ಜಾಗವೇ ಇರುವುದಿಲ್ಲ. ಭುಜ ನೋವು, ಮಣಿಕಟ್ಟಿನ ನೋವು ಇರುವ ಐವತ್ತು ದಾಟಿದವರಿಗೂ ಇದು ದೊಡ್ಡ ಆಸರೆ.

ಅವರು ಕೊಳ್ಳಬೇಕಾದದ್ದು ಬ್ಯಾಟರಿಯದ್ದು, ಅರ್ಧ ಇಂಚು ಚೌಕದ್ದು. ಗಾಳಿಯ ಗನ್ನಿಗೆ ಕಂಪ್ರೆಸರ್ ಬೇಕು, ಟೈರಿಗೆ ಗಾಳಿ ತುಂಬುವ ಪುಟ್ಟ ಪಂಪು ಅದನ್ನು ಓಡಿಸಲಾರದು. ವೈರಿನದಕ್ಕೆ ಪ್ಲಗ್ ಪಾಯಿಂಟ್ ಬೇಕು, ಸ್ಟಿಲ್ಟ್ ಪಾರ್ಕಿಂಗಿನಲ್ಲಿ ಅದು ಸಿಗುವುದು ಅಪರೂಪ, ಸಿಕ್ಕರೂ ಸೊಸೈಟಿಯ ಕಾರ್ಯದರ್ಶಿಯ ಕಣ್ಣು ಅದರ ಮೇಲೆ. ಸಿಗರೇಟ್ ಲೈಟರಿಗೆ ಚುಚ್ಚುವ 12 ವೋಲ್ಟಿನದೂ ಬರುತ್ತದೆ. ಆ ಸಾಕೆಟ್ಟಿನ ಫ್ಯೂಸು ಸಾಮಾನ್ಯವಾಗಿ 15 ಆಂಪಿಯರಿನದು, ಎಂದರೆ ಒಟ್ಟು 180 ವಾಟ್. ಅಷ್ಟರಲ್ಲಿ ನಡೆಯುವ ಯಂತ್ರ ತೀರಾ ನಿಧಾನ. ಇನ್ನೊಂದು ಗೊಂದಲ ಇಂಪ್ಯಾಕ್ಟ್ ಡ್ರೈವರಿನದು. ಬಾಯಿ ಕಾಲು ಇಂಚಿನ ಆರು ಮೂಲೆಯದ್ದಾಗಿದ್ದರೆ ಅದು ಸ್ಕ್ರೂ ಬಿಗಿಯುವ ಬಡಗಿಯ ಸಾಧನ. ಅಡಾಪ್ಟರ್ ಹಾಕಿ ಚಕ್ರಕ್ಕೆ ಇಟ್ಟರೆ ಅಡಾಪ್ಟರೇ ಮುರಿಯುತ್ತದೆ.

ಎಷ್ಟು ಬಲದ್ದು? ಡಬ್ಬದ ಮೇಲೆ ಎರಡು ಅಂಕಿಗಳಿರಬೇಕು. ಒಂದು ಬಿಗಿಯುವ ಬಲ, ಇನ್ನೊಂದು ಬಿಚ್ಚುವ ಬಲ. ಎರಡನೆಯದು ಯಾವಾಗಲೂ ದೊಡ್ಡದು, ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವುದೂ ಅದೇ. ಮಕೀಟಾದ ಡಿಟಿಡಬ್ಲ್ಯು300ರಲ್ಲಿ ಇವು 330 ಮತ್ತು 580. ಬಾಷ್‌ನ ಜಿಡಿಎಸ್ 18ವಿ-300ರಲ್ಲಿ 300 ಮತ್ತು 500. ಮನೆಯವರಿಗೆ ಈ ದರ್ಜೆ ಸಾಕು. ಸಣ್ಣ ಕಾರಿನಲ್ಲಿ ನೀವು ಎದುರಿಸಬಹುದಾದ ಅತಿ ಬಿಗಿಯಾದ ನಟ್ಟುಗಳಲ್ಲಿ ಒಂದು ಆಕ್ಸಲ್ಲಿನದು, ಅದೂ ಬಹುತೇಕ 300ರ ಒಳಗೇ. ಒಂದೇ ಅಂಕಿ ಕೊಟ್ಟು ಅದು ಯಾವುದೆಂದು ಹೇಳದಿದ್ದರೆ, ಅದು ಬಿಚ್ಚುವ ಬಲ ಎಂದೇ ತಿಳಿಯಿರಿ. ಸಾವಿರ ದಾಟಿದವು ಲಾರಿ, ಜೆಸಿಬಿಗಳ ಕೆಲಸಕ್ಕೆ. ಭಾರ ಮೂರು ಕಿಲೋ ಮುಟ್ಟುತ್ತದೆ, ಕೈ ತಪ್ಪಿದರೆ ಕಾರಿನ 12 ಮಿಲಿಮೀಟರ್ ದಪ್ಪದ ಸ್ಟಡ್ಡನ್ನು ಎಳೆದು ತೆಳ್ಳಗೆ ಮಾಡುತ್ತವೆ.

ವೋಲ್ಟೇಜಿನ ಆಟವೂ ಗೊತ್ತಿರಲಿ. 18, 20, 21 ವೋಲ್ಟ್ ಎಂದು ಬರೆದ ಬ್ಯಾಟರಿಗಳೊಳಗೆ ಇರುವುದು ಸಾಲಾಗಿ ಜೋಡಿಸಿದ ಐದು ಲಿಥಿಯಂ ಸೆಲ್. ಒಂದೊಂದರ ಸಾಧಾರಣ ವೋಲ್ಟೇಜು 3.6, ಪೂರ್ತಿ ಚಾರ್ಜಾದಾಗ 4.2. ಐದರಿಂದ ಗುಣಿಸಿ ನೋಡಿ, 18ರಿಂದ 21 ಬರುತ್ತದೆ. ಆದ್ದರಿಂದ 21 ಎಂದಿರುವುದು 18ಕ್ಕಿಂತ ಶಕ್ತಿಶಾಲಿಯಲ್ಲ. ನಾಲ್ಕೈದು ಸಾವಿರಕ್ಕೆ ಸಿಗುವ ಕೆಲವದರ ಮೇಲೆ 48, 88 ಎಂಬ ಅಂಕಿಯ ಮುಂದೆ ವಿ.ಎಫ್ ಎಂದಿರುತ್ತದೆ. ಅದು ವೋಲ್ಟೇ ಅಲ್ಲ, ಬರೀ ಹೆಸರು. ವೋಲ್ಟಿಗಿಂತ ಆಂಪಿಯರ್ ಅವರ್ ನೋಡಿ. 2ರ ಬ್ಯಾಟರಿಗಿಂತ 4ರದ್ದು ದೊಡ್ಡ ಹೊಡೆತಕ್ಕೆ ಬೇಕಾದ ಕರೆಂಟನ್ನು ತಗ್ಗದೆ ಕೊಡುತ್ತದೆ. ಬ್ರಷ್‌ಲೆಸ್ ಮೋಟಾರ್ ಇರಲಿ. ಈಗಾಗಲೇ ಒಂದು ಕಂಪನಿಯ ಬ್ಯಾಟರಿ ಡ್ರಿಲ್ ಮನೆಯಲ್ಲಿದ್ದರೆ ಅದೇ ಸಾಲಿನ ಗನ್ನನ್ನು ಬ್ಯಾಟರಿ ಇಲ್ಲದೆ ಕೊಳ್ಳಬಹುದು, ಖರ್ಚು ಬಹಳ ಉಳಿಯುತ್ತದೆ. ಬಾಷ್‌ನಲ್ಲಿ ಮಾತ್ರ ಬಣ್ಣ ನೋಡಿಕೊಳ್ಳಿ: ಹಸಿರು ಡ್ರಿಲ್ಲಿನ 18 ವೋಲ್ಟ್ ಬ್ಯಾಟರಿ ನೀಲಿ ಗನ್ನಿಗೆ ಕೂರುವುದಿಲ್ಲ.

ಅಗ್ಗದ ಗನ್ ಕೊಳ್ಳಲೇಬಾರದೆ? ವರ್ಷಕ್ಕೆ ನಾಲ್ಕು ಸಲ ಚಕ್ರ ಬಿಚ್ಚುವವರಿಗೆ ನಡೆದೀತು. ನನ್ನ ತಕರಾರು ಯಂತ್ರಕ್ಕಿಂತ ಅದರ ಚಾರ್ಜರಿನ ಬಗ್ಗೆ. ತೆಳು ವೈರಿನ, ಗುರುತು ಹೆಸರಿಲ್ಲದ ಚಾರ್ಜರಿಗೆ ಲಿಥಿಯಂ ಬ್ಯಾಟರಿ ಸಿಕ್ಕಿಸಿ ರಾತ್ರಿ ಮಲಗುವುದು ಬೇಡ.

ಸಾಕೆಟ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ನಾಗದೇವಿ ಬೀದಿಯ ಅಂಗಡಿಯವನಿಗೆ ಗೋಟಿ ಎಂದರೆ ಅರ್ಥವಾಗುತ್ತದೆ. ಆದರೆ 'ಇಂಪ್ಯಾಕ್ಟ್ ಗೋಟಿ, ಕಪ್ಪನೆಯದು, ಆರು ಮೂಲೆಯದು' ಎಂದು ಬಿಡಿಸಿ ಹೇಳಿ. ಥಳಥಳಿಸುವ ಕ್ರೋಮ್ ಸಾಕೆಟ್ ಕೈಪಾನಾಕ್ಕೆ ಮಾಡಿದ್ದು. ಅದು ಗಡುಸು, ನಿಮಿಷಕ್ಕೆ ಮೂರು ಸಾವಿರ ಹೊಡೆತಕ್ಕೆ ಸಿಡಿದು ಚೂರಾದರೆ ಮುಖಕ್ಕೇ ಬರುತ್ತದೆ. ಕಪ್ಪನೆಯದು ಕ್ರೋಮ್ ಮಾಲಿಬ್ಡಿನಂ ಉಕ್ಕಿನದು, ಹೊಡೆತ ತಾಳಿಕೊಳ್ಳುವ ಗುಣದ್ದು. ಅಲಾಯ್ ಚಕ್ರವಿದ್ದರೆ ಪ್ಲಾಸ್ಟಿಕ್ ತೋಳು ಹಾಕಿದ ತೆಳು ಗೋಡೆಯ ಉದ್ದ ಸಾಕೆಟ್‌ಗಳ ಜೋಡಿ ಬರುತ್ತದೆ: 17, 19, 21. ನಮ್ಮಲ್ಲಿನ ಬಹುಪಾಲು ಕಾರುಗಳಿಗೆ ಈ ಮೂರರಲ್ಲಿ ಒಂದು ಆಗುತ್ತದೆ. ಕಳ್ಳರ ಭಯಕ್ಕೆ ಹಾಕಿಸಿದ ಲಾಕ್ ನಟ್ ಇದ್ದರೆ ಅದರ ಕೀಲಿಗೆ ಗನ್ ಮುಟ್ಟಿಸಬೇಡಿ, ಕೈಯಿಂದಲೇ ಬಿಚ್ಚಿ. ಕೀಲಿ ಒಡೆದರೆ ಆ ಚಕ್ರ ಬಿಚ್ಚಿಸಲು ದೊಡ್ಡ ಪಾಡು.

ಇನ್ನು ಬಿಗಿಯುವ ಮಾತು. ಎಷ್ಟೇ ಬೆಲೆಯ ಗನ್ ಇರಲಿ, ಅದರಿಂದ ಕೊನೆಯ ಬಿಗಿ ಕೊಡಬೇಡಿ. ಎಷ್ಟು ಬಿಗಿಯಾಯಿತೆಂದು ಅದಕ್ಕೆ ಗೊತ್ತಾಗುವುದಿಲ್ಲ. ಬ್ಯಾಟರಿಯ ಚಾರ್ಜು, ಥ್ರೆಡ್ಡಿನ ತುಕ್ಕು, ನೀವು ಒತ್ತಿ ಹಿಡಿದ ಹೊತ್ತು, ಎಲ್ಲದರಿಂದಲೂ ಅದು ಬದಲಾಗುತ್ತದೆ. ಯಾವ ಮೋಡಿನಲ್ಲಿಟ್ಟರೂ ಅಷ್ಟೇ. ನಟ್ಟನ್ನು ಮೊದಲ ನಾಲ್ಕೈದು ಸುತ್ತು ಬೆರಳಿನಿಂದ ಹಾಕಿ, ಆಗ ಅಡ್ಡ ಥ್ರೆಡ್ ಹಿಡಿದಿದ್ದರೆ ಬೆರಳಿಗೇ ತಿಳಿಯುತ್ತದೆ. ಗನ್ನನ್ನು ಅತಿ ಕಡಿಮೆಯ ಮಟ್ಟದಲ್ಲಿಟ್ಟು ಒರಗುವವರೆಗೆ ಮಾತ್ರ ತನ್ನಿ. ಆಮೇಲೆ ಕಾರು ಇಳಿಸಿ, ಎದುರು ಬದುರಿನ ಕ್ರಮದಲ್ಲಿ ಟಾರ್ಕ್ ರೆಂಚಿನಿಂದ ಕಟ್ ಎನ್ನುವವರೆಗೆ ಎಳೆಯಿರಿ. 40ರಿಂದ 210ರ ವ್ಯಾಪ್ತಿಯ ಅರ್ಧ ಇಂಚಿನದು ಸಾಕು. ಥ್ರೆಡ್ಡಿಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಜಾರಿಕೆ ಹೆಚ್ಚಾಗಿ, ಅದೇ 100ಕ್ಕೆ ಸ್ಟಡ್ಡು ಮಿತಿ ಮೀರಿ ಎಳೆಯಲ್ಪಡುತ್ತದೆ. 100 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ. ಟಾರ್ಕ್ ರೆಂಚಿನಿಂದ ಬಿಚ್ಚುವ ಕೆಲಸ ಬೇಡ, ಕೆಲಸ ಮುಗಿದ ಮೇಲೆ ಅದನ್ನು ಕನಿಷ್ಠ ಅಂಕಿಗೆ ತಿರುಗಿಸಿಡಿ.

ಟೈರ್ ಅಂಗಡಿಯಿಂದ ಕಾರು ಬಂದ ದಿನವೂ ಇದೇ ಕೆಲಸ: ಒಂದೊಂದೇ ನಟ್ಟು ಸಡಿಲಿಸಿ ನಿಮ್ಮ ಅಂಕಿಗೆ ಮತ್ತೆ ಬಿಗಿಯಿರಿ. ಹತ್ತು ನಿಮಿಷದ ಕೆಲಸ. ಖಂಬಾಟ್ಕಿಯಲ್ಲಿ ಬೇಕಾಗುವ 100 ಕಿಲೋ ಮತ್ತೆ 40ಕ್ಕೆ ಇಳಿಯುವುದು ಇಲ್ಲೇ.

ಗನ್ ಮುಟ್ಟಿಸಲೇಬಾರದ ಜಾಗಗಳು: ಸ್ಪಾರ್ಕ್ ಪ್ಲಗ್, ಎಂಜಿನ್ ಆಯಿಲಿನ ಡ್ರೈನ್ ಪ್ಲಗ್, ಅಲ್ಯೂಮಿನಿಯಂಗೆ ಕೂರುವ ಯಾವುದೇ ಸಣ್ಣ ಬೋಲ್ಟ್. ಅಲ್ಲಿ ಕೆಟ್ಟ ಥ್ರೆಡ್ಡನ್ನು ಸರಿಪಡಿಸುವ ಖರ್ಚಿಗೆ ಎರಡು ಗನ್ ಬಂದಾವು.

ಕೊಳ್ಳಲು ಮುಂಬೈನವರಿಗೆ ನಾಗದೇವಿ ಬೀದಿ, ಸಿಕಂದರಾಬಾದಿನವರಿಗೆ ರಾಣಿಗಂಜ್, ದೆಹಲಿಯವರಿಗೆ ಚಾವ್ಡಿ ಬಜಾರ್ ಇದೆ, ಚೆನ್ನೈಯವರು ಬ್ರಾಡ್‌ವೇ ಕಡೆ ಒಂದು ಸುತ್ತು ಹಾಕಲಿ. ಆನ್‌ಲೈನಿಗಿಂತ ಅಲ್ಲಿರುವ ಅನುಕೂಲ ಒಂದೇ, ಕೈಯಲ್ಲಿ ಹಿಡಿದು ಭಾರ ನೋಡಬಹುದು. ತೋಳು ಚಾಚಿ ಒಂದು ನಿಮಿಷ ಹಿಡಿಯಿರಿ. ಕೈ ನಡುಗಿದರೆ ಚಿಕ್ಕದನ್ನು ಕೇಳಿ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿಗೆ ಬೇಕಾಗುತ್ತದೆ.

ಮನೆಗೆ ತಂದ ಮೇಲೆ ಬ್ಯಾಟರಿಯನ್ನು ಡಿಕ್ಕಿಯಲ್ಲಿಡಬೇಡಿ. ಮೇ ತಿಂಗಳ ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಕಾವು ಲಿಥಿಯಂ ಸೆಲ್ಲಿಗೆ ಆಗಿಬರುವುದಿಲ್ಲ, ಅದಕ್ಕೂ ಹೆದ್ದಾರಿಗೆ ಸಲಾಕೆಯೇ ಲೇಸು. ಕಣ್ಣಿಗೆ ಕನ್ನಡಕ, ಕಿವಿಗೆ ಪ್ಲಗ್ ಇರಲಿ. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಗನ್ನಿನ ಸದ್ದು ಗೋಡೆಗೆ ಬಡಿದು ಇಮ್ಮಡಿಯಾಗಿ ಕೇಳಿಸುತ್ತದೆ. ಭಾನುವಾರ ಹತ್ತು ಗಂಟೆಗೆ ಮುಂಚೆ ಶುರು ಮಾಡಬೇಡಿ, ಮೇಲಿನ ಮಹಡಿಯ ಕಾಕೂ ಇಳಿದು ಬಂದರೆ ಅವರ ಮರಾಠಿಗೆ ನಮ್ಮ ಮರಾಠಿ ಸಾಲದು.