ಗುಳೆ ಹೋದವರನ್ನು ಎಣಿಸುವವರಾರು?

ಯಾದಗಿರಿ ಜಿಲ್ಲೆಗೆ ಹದಿನೈದು ವರ್ಷ ತುಂಬಿದೆ. 2009ರ ಡಿಸೆಂಬರ್ 30ರಂದು ಗುಲ್ಬರ್ಗಾದಿಂದ ಬೇರ್ಪಟ್ಟು ರಾಜ್ಯದ 30ನೇ ಜಿಲ್ಲೆಯಾದ ಈ ಪ್ರದೇಶವು ಜಿಲ್ಲೆಯಾಗಿ ಈವರೆಗೆ ಕಂಡಿರುವುದು ಒಂದೇ ಒಂದು ಜನಗಣತಿ, 2011ರದು. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲೇ ಇಲ್ಲ. ಆದುದರಿಂದ ಸರಕಾರಿ ಕಡತಗಳಲ್ಲಿ ಯಾದಗಿರಿಯ ಜನಸಂಖ್ಯೆ ಇಂದಿಗೂ 11,74,271. ಅಂದು ಹುಟ್ಟಿದ ಮಗು ಇಂದು ಪ್ರೌಢಶಾಲೆ ಮುಗಿಸುವ ವಯಸ್ಸಿನಲ್ಲಿದೆ, ಶಾಲೆ ಸೇರಿದ್ದರೆ.

ಈ ಕೊನೆಯ ಮಾತನ್ನು ನಾವು ವಿನಾಕಾರಣ ಸೇರಿಸಿಲ್ಲ. 2011ರ ಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದ್ದಾಗ ಯಾದಗಿರಿಯದು ಸುಮಾರು ಶೇ. 52ರಷ್ಟಿತ್ತು, ಎಲ್ಲ ಜಿಲ್ಲೆಗಳ ಪೈಕಿ ಅದೇ ಕನಿಷ್ಠ. ಮಹಿಳೆಯರಲ್ಲಂತೂ ನೂರಕ್ಕೆ 41 ಮಂದಿಗಷ್ಟೇ ಓದು ಬರಹ ತಿಳಿದಿತ್ತು. ಹತ್ತರಲ್ಲಿ ಎಂಟು ಮಂದಿ ಹಳ್ಳಿಗಳಲ್ಲಿ ವಾಸಿಸುವ ಜಿಲ್ಲೆಯಿದು. 2018ರಲ್ಲಿ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ರಾಯಚೂರಿನ ಜೊತೆಗೆ ಸೇರಿದ್ದು ಯಾದಗಿರಿಯೇ. ಹಿಂದುಳಿದಿದೆ ಎನ್ನುವುದಕ್ಕೆ ಎಷ್ಟು ಸುಂದರವಾದ ಹೆಸರು!

ನೆಲ ಬಡವಾಗಿದೆಯೇ ಎಂದರೆ ಹಾಗೂ ಅಲ್ಲ. ಕೃಷ್ಣೆ, ಭೀಮೆ ಎರಡೂ ಹರಿಯುವ ನಾಡಿದು. ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆಯು ಶಹಾಪುರ, ಸುರಪುರ ಭಾಗದ ಕಪ್ಪು ಮಣ್ಣಿಗೆ ನೀರುಣಿಸಿ ಭತ್ತ ಬೆಳೆಸಿದೆ. ಗುರುಮಠಕಲ್ ಕಡೆಗೆ ಸಾಗಿದರೆ ಚಿತ್ರ ಬೇರೆ. ಅಲ್ಲಿ ಮಳೆ ಬಂದರೆ ತೊಗರಿ, ಹೆಸರು, ಬಾರದಿದ್ದರೆ ಸಾಲ. ಬಿಜಾಪುರದ ಆದಿಲ್ ಶಾಹಿ ವಂಶದ ಮೊದಲ ಸುಲ್ತಾನರು ಚಿರನಿದ್ರೆಯಲ್ಲಿರುವ ಗೋಗಿ ಗ್ರಾಮವೂ ಇದೇ ಜಿಲ್ಲೆಯಲ್ಲಿದೆ. ಆ ಗೋಗಿಯ ನೆಲದಡಿ ಯುರೇನಿಯಂ ಎಷ್ಟಿದೆ ಎಂಬ ಅಂದಾಜು ಸರಕಾರದ ಬಳಿಯಿದೆ. ನೆಲದ ಮೇಲೆ ಬದುಕುವವರ ಲೆಕ್ಕ ಮಾತ್ರ ಹಳತು. 2018ರಲ್ಲಿ ಮೂರು ತಾಲೂಕುಗಳು ಆರಾದವು. ಗುರುಮಠಕಲ್, ಹುಣಸಗಿ, ವಡಗೇರಾಗಳನ್ನು ತಾಲೂಕುಗಳೆಂದು ಯಾರೂ ಇನ್ನೂ ಎಣಿಸಿಲ್ಲ.

2025ರ ಜೂನ್‌ನಲ್ಲಿ ಹೊರಟ ಅಧಿಸೂಚನೆಯು 2027ರ ಮಾರ್ಚ್ 1ನ್ನು ಮುಂದಿನ ಗಣತಿಯ ಆಧಾರ ದಿನವೆಂದು ಗೊತ್ತುಪಡಿಸಿದೆ. ಅಂದರೆ ಜನರ ಎಣಿಕೆ ನಡೆಯುವುದು ಫೆಬ್ರವರಿಯಲ್ಲಿ. ನಮ್ಮ ಆತಂಕ ಇರುವುದು ಇಲ್ಲಿಯೇ. ಮುಂಗಾರಿನ ಬೆಳೆ ಕೈಸೇರಿದ ಬಳಿಕ ಯಾದಗಿರಿಯ ತಾಂಡಾಗಳಿಂದ, ದಲಿತ ಕೇರಿಗಳಿಂದ, ಬಡ ಮುಸ್ಲಿಮರ ಓಣಿಗಳಿಂದ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೊರಡುತ್ತವೆ. ಮುದುಕರು ಊರಲ್ಲಿ ಉಳಿಯುತ್ತಾರೆ. ಮಕ್ಕಳು ಹೆತ್ತವರೊಂದಿಗೆ ಹೋಗಿ ಕಟ್ಟಡದ ಮರಳುರಾಶಿಯ ಮೇಲೆ ಬೆಳೆಯುತ್ತಾರೆ. ಇವರು ಮರಳುವುದು ಮತ್ತೆ ಮಳೆಯ ಹೊತ್ತಿಗೆ. ಗಣತಿದಾರ ಫೆಬ್ರವರಿಯಲ್ಲಿ ಬಂದು ಬಾಗಿಲು ತಟ್ಟಿದರೆ ಕಾಣುವುದು ಬೀಗ.

ಎಣಿಕೆಯ ಅವಧಿಯುದ್ದಕ್ಕೂ ಮನೆಯಲ್ಲಿಲ್ಲದವರನ್ನು ಅವರು ಇರುವಲ್ಲಿಯೇ ಎಣಿಸಬೇಕೆಂಬ ನಿಯಮವೇನೋ ಇದೆ. ಆದರೆ ಮನೆ ಸಂಖ್ಯೆಯಿಲ್ಲದ, ಕಾಮಗಾರಿ ಮುಗಿದೊಡನೆ ಕಿತ್ತುಹೋಗುವ ತಗಡಿನ ಶೆಡ್ಡನ್ನು ಮಹಾನಗರದಲ್ಲಿ ಹುಡುಕುವವರಾರು? ಹುಡುಕಿ ಎಣಿಸಿದರೂ ಅವರು ಆ ನಗರದ ಲೆಕ್ಕಕ್ಕೆ ಸೇರುತ್ತಾರೆ. ಬಯಲು ಪ್ರದೇಶದಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಮಾನದಂಡ. ಅಂಗನವಾಡಿಗೂ ತಲೆಯೆಣಿಕೆಯೇ ಆಧಾರ. ಆಹಾರ ಭದ್ರತಾ ಕಾಯ್ದೆಯಡಿ ರಾಜ್ಯಗಳಿಗೆ ಸಿಗುವ ಫಲಾನುಭವಿಗಳ ಮಿತಿಯೂ 2011ರ ಜನಸಂಖ್ಯೆಗೇ ಕಟ್ಟುಬಿದ್ದಿದೆ. ವರ್ಷದ ಅರ್ಧ ಭಾಗ ಊರಿನಲ್ಲೇ ಬದುಕುವ, ಹೆರಿಗೆಗೂ ಕಾಯಿಲೆಗೂ ಊರಿಗೇ ಮರಳುವ ಈ ಜನರು ಅಲ್ಲಿನ ಲೆಕ್ಕದಿಂದ ಜಾರಿದರೆ, ಮುಂದಿನ ಹತ್ತು ವರ್ಷ ಅದರ ನಷ್ಟ ಅನುಭವಿಸುವುದು ಯಾದಗಿರಿಯೇ.

ಸರಕಾರವು ಗುಳೆ ಹೋದವರ ಪಟ್ಟಿಯನ್ನು ಗ್ರಾಮ ಪಂಚಾಯತ್ ಮಟ್ಟದಲ್ಲಿ ಮುಂಚಿತವಾಗಿಯೇ ಸಿದ್ಧಪಡಿಸಬೇಕು. ಯೋಜನೆಗಳ ಅನುದಾನ ಹಂಚುವಾಗ ಗಣತಿಯ ಅಂಕಿಯ ಜೊತೆಗೆ ಈ ಪಟ್ಟಿಯನ್ನೂ ಪರಿಗಣಿಸಬೇಕು. ಶಿಕ್ಷಣ ಇಲಾಖೆಯ ಬಳಿ ಶಾಲೆಗೆ ಬಾರದ ಮಕ್ಕಳ ಹೆಸರುಗಳಿವೆ. ಆರಂಭಕ್ಕೆ ಅಷ್ಟು ಸಾಕು.

ಇನ್ನು ನಮ್ಮ ಕೆಲಸ. ಶಹಾಪುರ, ಸುರಪುರ, ಯಾದಗಿರಿ ಪಟ್ಟಣಗಳ ಜಮಾಅತ್‌ಗಳೂ ಯುವಕ ಸಂಘಗಳೂ ತಮ್ಮ ಮೊಹಲ್ಲಾ ಮತ್ತು ನೆರೆಯ ತಾಂಡಾಗಳಿಂದ ಯಾರು, ಎಲ್ಲಿಗೆ, ಎಷ್ಟು ಮಕ್ಕಳೊಡನೆ ಹೋಗಿದ್ದಾರೆಂದು ಈಗಲೇ ಬರೆದಿಡಲಿ. ಅದರಲ್ಲಿ ನಮ್ಮವರು, ಅವರವರು ಎಂಬ ಭೇದ ಬೇಡ. ಬೆಂಗಳೂರಿನ ಓದುಗರು ತಮ್ಮ ಬೀದಿಯಲ್ಲಿ ಏಳುತ್ತಿರುವ ಕಟ್ಟಡದ ಹಿಂದಿನ ಶೆಡ್ಡುಗಳನ್ನು ಒಮ್ಮೆ ನೋಡಿ ಬರಲಿ. ಗಣತಿದಾರರು ತಮ್ಮ ಮನೆಗೆ ಬಂದ ದಿನ ಅವರನ್ನು ಅಲ್ಲಿಗೂ ಕರೆದೊಯ್ಯಲಿ.