ಸಿಹಿ ಹಂಚಿದ ನಂತರ

ಮಗನಿಗೋ ಮಗಳಿಗೋ ದೊಡ್ಡ ಕಂಪೆನಿಯಲ್ಲಿ ಕೆಲಸ ಸಿಕ್ಕಿತೆಂದರೆ ನಾವು ಕೇರಿಗೆಲ್ಲ ಸಿಹಿ ಹಂಚುತ್ತೇವೆ. ಅವರು ಅಲ್ಲಿ ಹೇಗಿದ್ದಾರೆಂದು ವಿಚಾರಿಸುವುದನ್ನು ಮಾತ್ರ ಮರೆಯುತ್ತೇವೆ.

2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ತನ್ನ ಮೈಸೂರು ಕ್ಯಾಂಪಸ್‌ನಿಂದ 300ಕ್ಕೂ ಅಧಿಕ ತರಬೇತಿನಿರತರನ್ನು ಹೊರಗೆ ಕಳುಹಿಸಿತು. ಮೂರು ಅವಕಾಶ ನೀಡಿದರೂ ಅವರು ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ ಎಂಬುದು ಕಂಪೆನಿಯ ಸಮರ್ಥನೆ. ಅವರಲ್ಲಿ ಹಲವರು 2022ರ ಪದವೀಧರರು. ಕೆಲಸಕ್ಕೆ ಸೇರಲು ಎರಡು ವರ್ಷ ಕಾದವರು. ಆ ಆವರಣದಲ್ಲಿ ಈಜುಕೊಳವಿದೆ, ಆಟದ ಮೈದಾನವಿದೆ, ಚಿತ್ರಮಂದಿರವೂ ಇದೆ. ಆದರೆ ಪರೀಕ್ಷೆಯಲ್ಲಿ ಸೋತ ಸಂಜೆ ಮನಬಿಚ್ಚಿ ಮಾತಾಡಲು ಅವರಿಗೆ ಒಬ್ಬರಾದರೂ ಇದ್ದರೇ?

ಕಂಪೆನಿಯ ಹೊಣೆಯನ್ನು ಪ್ರಶ್ನಿಸಲೇಬೇಕು. ಆದರೆ ನಮ್ಮ ಹೊಣೆಯೇನು? ಮೊದಲ ಸಂಬಳ ಬರುವ ಮುನ್ನವೇ ಸಾಲ, ಮನೆ, ಮದುವೆಯ ಲೆಕ್ಕ ಹಾಕಿದವರು ನಾವು. ‘ಊರಿಗೆ ಯಾವ ಮುಖ ಹೊತ್ತು ಹೋಗಲಿ?’ ಎಂಬ ಭಯವನ್ನು ಮಕ್ಕಳಲ್ಲಿ ಬಿತ್ತಿದವರೂ ನಾವೇ ಅಲ್ಲವೇ?

ಆಯಾ ನಗರಗಳಲ್ಲಿ ದುಡಿಯುತ್ತಿರುವ ನಮ್ಮೂರಿನ ಹಿರಿಯ ಉದ್ಯೋಗಿಗಳು ಹೊಸಬರನ್ನು ವಾರಕ್ಕೊಮ್ಮೆ ಊಟಕ್ಕೆ ಕರೆಯಲಿ, ಪರೀಕ್ಷೆಯ ತಯಾರಿಗೆ ನೆರವಾಗಲಿ. ಹೆತ್ತವರು ಸಂಬಳದ ಮಾತೆತ್ತುವ ಮೊದಲು ಊಟ, ನಿದ್ದೆ, ಗೆಳೆಯರ ಬಗ್ಗೆ ಕೇಳಲಿ. ಕೆಲಸ ಹೋದರೂ ಮನೆಯ ಬಾಗಿಲು ತೆರೆದಿರುತ್ತದೆ ಎಂಬ ಭರವಸೆಯನ್ನು ಸಿಹಿ ಹಂಚುವ ದಿನವೇ ಕೊಡೋಣ.